ಬೋರ್ಡಿಗಿಂತ ಮೊದಲು ಜೆಟ್ ಸ್ಕೀ: ನಜರೆಯ ದೊಡ್ಡ ಅಲೆಗೆ ನಾನು ಹೋದ ದಾರಿ

ಪೋರ್ಚುಗಲ್‌ನ ನಜರೆಯಲ್ಲಿ, ಪ್ರಾಯಾ ದೊ ನೊರ್ತೆ ಕಡಲಲ್ಲಿ, ಹೋದ ಚಳಿಗಾಲ ನಾನು ಸರ್ಫಿಂಗ್ ಬೋರ್ಡಿನ ಮೇಲೆ ನಿಂತು ಒಂದು ಒಳ್ಳೆಯ ಅಲೆ ಹಿಡಿದೆ. ನಲವತ್ತು ಅಡಿ ಇತ್ತು ಅಂತ ಲೈಟ್‌ಹೌಸ್ ಪಕ್ಕ ನಿಂತಿದ್ದವರು ಹೇಳಿದರು. ನನ್ನ ಲೆಕ್ಕದಲ್ಲಿ ಮೂವತ್ತೈದರ ಆಸುಪಾಸು. ಅದೇ ಜಾಗದಲ್ಲಿ 2011ರಲ್ಲಿ ಗ್ಯಾರೆಟ್ ಮೆಕ್‌ನಮಾರ 78 ಅಡಿಯದ್ದು, 2017ರಲ್ಲಿ ರೊಡ್ರಿಗೊ ಕೊಶಾ 80 ಅಡಿಯದ್ದು, 2020ರಲ್ಲಿ ಸೆಬಾಸ್ಟಿಯನ್ ಸ್ಟಾಯ್ಟ್ನರ್ 86 ಅಡಿಯದ್ದು ಹಿಡಿದಿದ್ದಾರೆ. ಆ ಪಟ್ಟಿಯಲ್ಲಿ ನನಗೆ ಜಾಗ ಇಲ್ಲ. ಆದರೆ ಮೂಲ್ಕಿ ಹತ್ತಿರದ ಸಸಿಹಿತ್ಲು ಅಳಿವೆಯಲ್ಲಿ ಬೆಳೆದವನೊಬ್ಬ ಅಲ್ಲಿ ಹಗ್ಗ ಬಿಟ್ಟು ಇಳಿದು, ಬೀಳದೆ ಆಚೆಗೆ ಬಂದಿದ್ದಾನೆ. ನಮ್ಮ ಕಡೆಯವರೇ ‘ಇದೆಲ್ಲ ಆಗುವ ಮಾತಾ ಮಾರಾಯ?’ ಅಂದಿದ್ದರು. ಅದಕ್ಕೇ ಬರೀತಿದ್ದೇನೆ.

ಅವರು ಹೇಳುತ್ತಿದ್ದದ್ದು ಇಷ್ಟೇ. ನಮ್ಮಲ್ಲಿ ಒಳ್ಳೆಯ ದಿನ ಅಂದ್ರೆ ಐದಾರು ಅಡಿ. ಇಪ್ಪತ್ತು ಅಡಿ ನೋಡದವನು ನಲವತ್ತಕ್ಕೆ ಹೇಗೆ ಹೋಗ್ತಾನೆ? ಮೊದಲು ಇಂಡೋನೇಷ್ಯಾ, ಆಮೇಲೆ ಹವಾಯಿ, ವರ್ಷಕ್ಕೆ ಇಷ್ಟಿಷ್ಟು ಅಂತ ಅಡಿ ಏರಿಸು, ಹತ್ತು ವರ್ಷದಲ್ಲಿ ನೋಡೋಣ. ತಪ್ಪು ಮಾತೇನಲ್ಲ. ಆದರೆ ಆ ಹತ್ತು ವರ್ಷದ ಖರ್ಚು ಯಾರು ಕೊಡುತ್ತಾರೆ? ನಮ್ಮ ಮನೆಯಲ್ಲಿ ಒಂದು ನಾಡದೋಣಿಯಲ್ಲಿ ಪಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದು ಮಾತು. ಸ್ಟಾಯ್ಟ್ನರ್ ಬೆಳೆದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಅಲ್ಲಿ ಕಡಲೇ ಇಲ್ಲ. ಇಂಗ್ಲೆಂಡಿನ ಆ್ಯಂಡ್ರ್ಯೂ ಕಾಟನ್ ಪ್ಲಂಬರ್ ಕೆಲಸ ಮಾಡಿಕೊಂಡಿದ್ದವರು. ನಮಗೆ ಮನೆ ಬಾಗಿಲಲ್ಲೇ ಅರಬ್ಬಿ ಸಮುದ್ರ ಇದೆ, ಅದೂ ಮಳೆಗಾಲದ್ದು.

ನನ್ನ ದಾರಿ ಉಲ್ಟಾ. ಬೋರ್ಡ್ ಬದಿಗಿಟ್ಟು ಮೊದಲು ಜೆಟ್ ಸ್ಕೀ, ಅಂದ್ರೆ ನೀರಿನ ಮೇಲೆ ಓಡುವ ಬೈಕಿನಂಥ ಗಾಡಿ, ಹಿಡಿದೆ. ನಜರೆಯಲ್ಲಿ ದೊಡ್ಡ ದಿನ ಕೈಯಲ್ಲಿ ಈಜಿ ಅಲೆ ಹಿಡಿಯುವವರು ಕಡಿಮೆ. ಸ್ಕೀ ಹಗ್ಗದಲ್ಲಿ ಎಳೆದುಕೊಂಡು ಹೋಗಿ ಅಲೆಗೆ ಬಿಡಬೇಕು, ಬಿದ್ದರೆ ಅದೇ ಸ್ಕೀ ಬಂದು ಎತ್ತಬೇಕು. ಅಲ್ಲಿಗೆ ಅಲೆ ಹಿಡಿಯಲು ಬರುವವರು ಬೇಕಾದಷ್ಟು ಜನ. ನಂಬಿಕೊಂಡು ನೀರಿಗಿಳಿಯಬಹುದಾದ ಡ್ರೈವರ್ ಸಿಗುವುದು ಕಷ್ಟ. 2013ರಲ್ಲಿ ಬ್ರೆಜಿಲ್‌ನ ಸರ್ಫರ್ ಮಾಯಾ ಗಬೇರಾ ಅಲ್ಲಿ ಬಿದ್ದು ಪ್ರಜ್ಞೆ ತಪ್ಪಿದಾಗ ಅವರನ್ನು ದಡ ಮುಟ್ಟಿಸಿದ್ದು ಜೊತೆಗಾರ ಕಾರ್ಲೋಸ್ ಬರ್ಲೆ. ದಡದಲ್ಲಿ ಸಿಪಿಆರ್ ಕೊಟ್ಟು ಉಳಿಸಿಕೊಂಡರು. ಅದೇ ಮಾಯಾ 2020ರಲ್ಲಿ ಅದೇ ನೀರಲ್ಲಿ 73.5 ಅಡಿಯ ಅಲೆ ಹಿಡಿದು ಮಹಿಳೆಯರ ದಾಖಲೆ ಮಾಡಿದರು. 2013ರ ಆ ವಿಡಿಯೊ ನೋಡುವಾಗ ಎಲ್ಲರೂ ಮಾಯಾರನ್ನು ನೋಡ್ತಾರೆ. ನಾನು ಬರ್ಲೆ ಸ್ಕೀಯನ್ನು ಎತ್ತ ತಿರುಗಿಸಿದರು ಅಂತ ನೋಡುತ್ತಿದ್ದೆ.

ಸ್ಕೀಗೆ ದುಡ್ಡು ಹೊಂದಿಸಿದ್ದೇ ಒಂದು ಕಥೆ. ಹೊಸದಕ್ಕೆ ಹದಿನೈದು ಲಕ್ಷದ ಮೇಲೆ ಹೇಳುತ್ತಿದ್ದರು. ಗೋವಾ ಕಡೆಯಿಂದ ಹಳೆಯದೊಂದು ಬಂತು, ಏಳು ಲಕ್ಷದ ಹತ್ತಿರ. ಮೂವರು ಸೇರಿ ತೆಗೆದುಕೊಂಡೆವು. ನನ್ನ ಪಾಲಿಗೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವು, ಉಳಿದದ್ದು ಚೀಟಿ ಎತ್ತಿದ್ದು. ಸೀಸನ್‌ನಲ್ಲಿ ಬೀಚಿಗೆ ಬಂದವರನ್ನು ಕೂರಿಸಿಕೊಂಡು ರೌಂಡ್ ಹೊಡೆಸಿ ಒಂದೂವರೆ ವರ್ಷದಲ್ಲಿ ಬಳೆ ಬಿಡಿಸಿದೆ. ಆ ರೌಂಡ್‌ಗಳಿಂದ ಕಲಿತದ್ದು ಏನೂ ಇಲ್ಲ, ದುಡ್ಡು ಬಂತು ಅಷ್ಟೇ.

ಕಲಿತದ್ದು ನಾಡದೋಣಿಯಲ್ಲಿ. ಜೂನ್, ಜುಲೈ ದೊಡ್ಡ ಬೋಟುಗಳು ದಡದಲ್ಲಿರುತ್ತವೆ, ನಾಡದೋಣಿಗೆ ಮಾತ್ರ ಅವಕಾಶ. ಜಲಕ್ರೀಡೆ ಪೂರ್ತಿ ಬಂದ್. ಬಂದ್ ಇರುವಾಗ ನಾನು ಸ್ಕೀ ಇಳಿಸಲಿಲ್ಲ, ನೀವೂ ಇಳಿಸಬೇಡಿ. ಆ ತಿಂಗಳುಗಳಲ್ಲಿ ಮಾಮನ ದೋಣಿಗೆ ಆಳಾಗಿ ಹೋದೆ. ಮಾಮ ತಾಂಡೇಲ, ದೋಣಿ ನಡೆಸುವವರು. ಶಾಂಭವಿ, ನಂದಿನಿ ಎರಡೂ ಹೊಳೆ ತುಂಬಿ ಹೊರಗೆ ನೂಕುವಾಗ ಕಡಲು ಒಳಗೆ ನೂಕುತ್ತದೆ. ಅಳಿವೆ ಬಾಯಲ್ಲಿ ಅಲೆ ಸುಮ್ನೆ ಬರುವುದಿಲ್ಲ, ಇದ್ದಲ್ಲೇ ಎದ್ದು ನಿಲ್ಲುತ್ತದೆ. ಅದನ್ನು ದಾಟಿಸುವುದು ಹೇಗೆ ಅಂತ ನೋಡಿದ್ದೀರಲ್ವಾ? ನಾನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಡ್ರೈವರ್ ಕಣ್ಣಿನಿಂದ ನೋಡಿದ್ದು ಆಗಲೇ.

ಮಾಮ ಮುಂದಿನ ಅಲೆಯನ್ನು ನೋಡುವುದೇ ಇಲ್ಲ. ಮೂರನೆಯದರ ಮೇಲೆ ಕಣ್ಣು. ಎಂಜಿನ್ ಅರ್ಧ ಕೊಟ್ಟು, ಮೂತಿ ಕಡಲಿಗೆ ಹಿಡಿದು, ನಿಂತಲ್ಲೇ ನಿಲ್ಲಿಸಿರುತ್ತಾರೆ. ಬಿಡುವು ಸಿಕ್ಕಿತು ಅಂದ್ರೆ ಪೂರ್ತಿ ಕೊಟ್ಟು ಒಂದೇ ಓಟ, ನಡುವೆ ಮನಸ್ಸು ಬದಲಾಯಿಸುವುದು ಇಲ್ಲವೇ ಇಲ್ಲ. ಅಲೆಯ ತುದಿ ಬಂದಾಗ ಆ ಒಂದು ಗಳಿಗೆ ಎಂಜಿನ್ ಇಳಿಸುತ್ತಾರೆ. ಇಳಿಸದಿದ್ದರೆ ದೋಣಿ ಹಾರಿ ಆಚೆಗೆ ಬಡಿಯುತ್ತದೆ, ಹಲಗೆ ಒಡೆಯುತ್ತದೆ. ಇನ್ನು ನೊರೆ. ನೊರೆಯಲ್ಲಿ ಪ್ರೊಪೆಲ್ಲರ್‌ಗೆ ನೀರು ಸಿಗುವುದಿಲ್ಲ, ಎಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ನಿಂತಲ್ಲೇ. ಗಾಬರಿಯಾದವನು ಇನ್ನೂ ಜಾಸ್ತಿ ಕೊಡುತ್ತಾನೆ. ಮಾಮ ಕಡಿಮೆ ಮಾಡುತ್ತಾರೆ. ಶಬ್ದ ದಪ್ಪ ಆಗುವ ತನಕ ಕಾಯುತ್ತಾರೆ. ದಪ್ಪ ಆಯಿತು ಅಂದ್ರೆ ನೀರು ಹಿಡಿಯಿತು ಅಂತ ಅರ್ಥ, ಆಗ ಮತ್ತೆ ಕೊಡಬೇಕು. “ಕಣ್ಣಿಗೆ ನೊರೆ ಕಾಣ್ತದೆ, ಕಿವಿಗೆ ನೀರು ಗೊತ್ತಾಗ್ತದೆ,” ಅಂದಿದ್ದರು.

ಸ್ಕೀಯದ್ದೂ ಇದೇ. ನೀರು ತಳ್ಳುವ ಚಕ್ರ, ಇಂಪೆಲ್ಲರ್, ಒಳಗಿದೆ ಅನ್ನುವುದು ಬಿಟ್ಟರೆ ಏನೂ ವ್ಯತ್ಯಾಸ ಇಲ್ಲ. ನಜರೆಯಲ್ಲಿ ದೊಡ್ಡ ಅಲೆ ಒಡೆದ ಮೇಲೆ ಎಕರೆಗಟ್ಟಲೆ ನೊರೆ, ಸೊಂಟದಷ್ಟು ದಪ್ಪ. ಅಲ್ಲಿ ಸ್ಕೀ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಆ ನೊರೆಯಲ್ಲಿ. ಮೇ ತಿಂಗಳ ಕೊನೆಗೆ, ಮತ್ತೆ ಸೆಪ್ಟೆಂಬರ್‌ನಲ್ಲಿ ಕಡಲು ತೆರೆದ ಮೇಲೆ, ನಾನು ಸ್ಕೀ ತೆಗೆದುಕೊಂಡು ಬೇಕೆಂದೇ ನೊರೆಗೆ ಹೋಗುತ್ತಿದ್ದೆ. ಅಕ್ಕಿ ಗೋಣಿಯಲ್ಲಿ ಮರಳು, ಮೇಲೆ ಥರ್ಮೋಕೋಲ್, ಹೊರಗೆ ಹಳೆಯ ಲೈಫ್ ಜಾಕೆಟ್. ಆಳು ತೂಕದ ಬೊಂಬೆ. ಅದನ್ನು ಒಡೆಯುವ ಜಾಗಕ್ಕೆ ಎಸೆದು, ಮುಂದಿನ ಅಲೆ ಬರುವುದರೊಳಗೆ ಎತ್ತಿಕೊಂಡು ಬರಬೇಕು. ನಮ್ಮಲ್ಲಿ ಅಲೆಗಳ ನಡುವೆ ಒಂಬತ್ತು ಹತ್ತು ಸೆಕೆಂಡ್. ನಜರೆಯಲ್ಲಿ ದೂರದ ಕಡಲಿಂದ ಬರುವ ಒಳ್ಳೆಯ ಅಲೆಸಾಲಿನಲ್ಲಿ ಹದಿನಾರು, ಹದಿನೇಳು. ಅಲೆ ಅಲ್ಲಿ ಎಷ್ಟೋ ಪಟ್ಟು ದೊಡ್ಡದು, ನಿಜ. ಆದರೆ ಹತ್ತು ಸೆಕೆಂಡಿನಲ್ಲಿ ಎತ್ತಿ ರೂಢಿ ಇದ್ದವನಿಗೆ ಹದಿನಾರು ಅಂದ್ರೆ ದೊಡ್ಡ ಬಿಡುವು. ನಮ್ಮ ಕಡಲು ಬೋರ್ಡಿಗೆ ಕೆಟ್ಟದ್ದು, ಡ್ರೈವರ್‌ಗೆ ಚಿನ್ನ. ಇದನ್ನು ಹೇಳಿದರೆ ಮೊದಲು ಯಾರೂ ಒಪ್ಪಲಿಲ್ಲ.

ಬೊಂಬೆಯ ಹತ್ತಿರ ಯಾವ ಕೋನದಲ್ಲಿ ಹೋಗಬೇಕು, ಹ್ಯಾಂಡಲ್ ಯಾವಾಗ ತಿರುಗಿಸಬೇಕು, ಇದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ನೀರಲ್ಲಿ ಜೊತೆಗೆ ಇದ್ದವರಿಗೆ ತೋರಿಸುತ್ತೇನೆ.

ಸ್ಲೆಡ್, ಅಂದ್ರೆ ಬಿದ್ದವರನ್ನು ಮಲಗಿಸಿ ತರಲು ಸ್ಕೀ ಹಿಂದೆ ಕಟ್ಟುವ ಹಲಗೆ, ಅದರ ಬಗ್ಗೆ ಕೇಳುವವರು ಜಾಸ್ತಿ. ಹೊರಗಿನದಕ್ಕೆ ಸಾಗಣೆ, ಸುಂಕ ಎಲ್ಲ ಸೇರಿ ಲಕ್ಷ ದಾಟುತ್ತಿತ್ತು. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವವರ ಹತ್ತಿರ ಕೂತು ನಾವೇ ಮಾಡಿದೆವು. ಒಳಗೆ ಥರ್ಮೋಕೋಲ್, ಮೇಲೆ ಮರೈನ್ ಪ್ಲೈ, ಅದರ ಮೇಲೆ ಫೈಬರ್ ಮ್ಯಾಟ್. ಥರ್ಮೋಕೋಲ್‌ಗೆ ಪಾಲಿಯೆಸ್ಟರ್ ರೆಸಿನ್ ನೇರ ತಾಗಿದರೆ ಕರಗುತ್ತದೆ, ನಿಮಗೆ ಗೊತ್ತಿದ್ದದ್ದೇ. ಅದಕ್ಕೆ ಎಪಾಕ್ಸಿ ಹಾಕಿದೆವು, ಖರ್ಚು ದುಪ್ಪಟ್ಟಾಯಿತು. ಮೊದಲಿನದರ ಹಿಡಿಗಳು ಕಿತ್ತು ಬಂದವು. ಸ್ಕ್ರೂ ಹಾಕಿದ್ದೆವು, ನಿಲ್ಲಲಿಲ್ಲ. ಎರಡನೆಯದಕ್ಕೆ ಆರಪಾರು ಬೋಲ್ಟು, ಹಿಡಿಗೆ ಬೋಟಿನ ಹಗ್ಗ. ಇಪ್ಪತ್ತೈದು ಸಾವಿರದೊಳಗೆ ಆಯಿತು. ಇವತ್ತಿಗೂ ಅದೇ ಓಡುತ್ತಿದೆ.

ಉಸಿರಿನ ವಿಷಯಕ್ಕೆ ಬರೋಣ. ಇದರಲ್ಲಿ ತುಂಬ ಸಮಯ ಹಾಳಾಯಿತು. ಎಲ್ಲರ ಹಾಗೆ ನಾನೂ ಹಾಸಿಗೆಯಲ್ಲಿ ಮಲಗಿ, ಫೋನಿನಲ್ಲಿ ಗಡಿಯಾರ ಇಟ್ಟು, ನಾಲ್ಕು ನಿಮಿಷದ ತನಕ ಹಿಡಿದೆ. ಕಡಲಲ್ಲಿ ಅದು ಯಾವ ಕೆಲಸಕ್ಕೂ ಬರಲಿಲ್ಲ. ಅಲೆ ಹೊಡೆದಾಗ ಎದೆ ನಿಮಿಷಕ್ಕೆ ನೂರೈವತ್ತರ ಮೇಲೆ ಬಡಿಯುತ್ತಿರುತ್ತದೆ, ಒಳಗಿದ್ದ ಗಾಳಿ ಅರ್ಧ ಹೊರಗೆ ಹೋಗಿರುತ್ತದೆ, ಮೈಯನ್ನು ಹಿಂಡಿ ತಿರುಗಿಸುತ್ತಿರುತ್ತದೆ. ಅಲ್ಲಿ ಬೇಕಾದದ್ದು ನಾಲ್ಕು ನಿಮಿಷ ಅಲ್ಲ. ಇಪ್ಪತ್ತು ಮೂವತ್ತು ಸೆಕೆಂಡ್, ಮೇಲೆ ಬಂದು ಒಂದೇ ಉಸಿರು, ಮತ್ತೆ ಇಪ್ಪತ್ತು ಮೂವತ್ತು. ಹಾಗಾಗಿ ಹಾಸಿಗೆ ಬಿಟ್ಟು ಮರಳಲ್ಲಿ ಓಡಿದೆ. ಓಡಿ ಏದುಸಿರು ಬಿಡುವಾಗಲೇ ನೀರಿಗೆ. ಕಾಪು ಲೈಟ್‌ಹೌಸ್ ಹತ್ತಿರದ ಬಂಡೆಗಳಲ್ಲಿ ಪಚ್ಚಿಲೆ ಚಿಪ್ಪು ತೆಗೆಯುವವರ ಜೊತೆ ಮುಳುಗಲು ಹೋದೆ. ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದರಲ್ಲಿ ಕತ್ತಿ, ನೀರು ಎಳೆದಾಡುತ್ತಿರುವಾಗ ಕೆಲಸ ಮಾಡಬೇಕು. ಒಂದು ಸಲ ಮಳೆಗಾಲಕ್ಕೆ ಮುಂಚೆ, ಇನ್ನೊಂದು ಸಲ ಮಳೆಗಾಲ ಆದ ಮೇಲೆ. ಅಲ್ಲಿ ಸಿಕ್ಕಿದ ಉಸಿರು ಯಾವ ಈಜುಕೊಳದಲ್ಲೂ ಸಿಗಲಿಲ್ಲ. ಮೇಲೊಬ್ಬರು ನೋಡುತ್ತಿರಲೇಬೇಕು. ಒಬ್ಬರೇ ಮಾಡುವವರು ನನ್ನ ಹತ್ತಿರ ಸಲಹೆ ಕೇಳಬೇಡಿ.

ಚಳಿಗೂ ಏನಾದರೂ ಮಾಡಬೇಕಿತ್ತು. ನಮ್ಮ ನೀರು ಇಪ್ಪತ್ತೆಂಟು ಡಿಗ್ರಿ, ಅಲ್ಲಿ ಚಳಿಗಾಲ ಹದಿನೈದರ ಹತ್ತಿರ. ಬಂದರಿನ ಐಸ್ ಪ್ಲಾಂಟಿನಿಂದ ಬ್ಲಾಕ್ ತಂದು, ಪುಡಿ ಮಾಡಿಸಿ, ಸಿಂಟೆಕ್ಸ್ ಟ್ಯಾಂಕಿಗೆ ಹಾಕಿ ಕೂರುತ್ತಿದ್ದೆ. ಮೀನಿಗೆ ಹಾಕುವ ಐಸ್ ನಿನಗ್ಯಾಕೆ ಅಂತ ಪ್ಲಾಂಟಿನವರು ಕೇಳಿ ಕೇಳಿ ಕೊನೆಗೆ ದುಡ್ಡು ತೆಗೆದುಕೊಳ್ಳುವುದನ್ನೇ ಬಿಟ್ಟರು. ಮೈಗೆ ಅದರಿಂದ ದೊಡ್ಡ ಲಾಭ ಆಯಿತು ಅಂತ ಹೇಳಲಾರೆ, ಅಲ್ಲಿ ಹೇಗೂ ದಪ್ಪ ವೆಟ್‌ಸೂಟ್ ಇರುತ್ತದೆ. ಲಾಭ ಆದದ್ದು ಬೆರಳುಗಳಿಗೆ. ಮರಗಟ್ಟಿದ ಬೆರಳಲ್ಲಿ ಗ್ಯಾಸ್ ತುಂಬಿ ಉಬ್ಬುವ ವೆಸ್ಟಿನ ಹಿಡಿ ಎಳೆಯುವುದು, ಗಂಟು ಬಿಚ್ಚುವುದು, ಸ್ಕೀ ನೀರು ಎಳೆದುಕೊಳ್ಳುವ ಬಾಯಿಗೆ ಸಿಕ್ಕ ನೈಲಾನ್ ಹಗ್ಗ ಕೊಯ್ಯುವುದು, ಇವನ್ನೆಲ್ಲ ಟ್ಯಾಂಕಿನಲ್ಲಿ ಕೂತೇ ಅಭ್ಯಾಸ ಮಾಡಿದೆ.

ಮೊದಲ ಚಳಿಗಾಲದ ಖರ್ಚು ಹೇಳುತ್ತೇನೆ, ಕೇಳಿದವರು ಬಹಳ ಇದ್ದಾರೆ. ವಿಮಾನ ಹೋಗಿ ಬರಲು ಎಪ್ಪತ್ತು ಎಂಬತ್ತು ಸಾವಿರ, ಬೋರ್ಡಿನ ಲಗೇಜು ಬೇರೆ. ಲಿಸ್ಬನ್‌ನಿಂದ ಬಸ್ಸಿನಲ್ಲಿ ನೂರಿಪ್ಪತ್ತು ಕಿಲೋಮೀಟರ್ ಉತ್ತರಕ್ಕೆ. ಕೋಣೆ ನಾಲ್ಕು ಜನ ಹಂಚಿಕೊಂಡು ತಲೆಗೆ ಇನ್ನೂರೈವತ್ತು ಯೂರೋ ಚಿಲ್ಲರೆ. ಚಳಿಗಾಲದಲ್ಲಿ ಅಲ್ಲಿ ಬಾಡಿಗೆ ಕಡಿಮೆ. ಊಟಕ್ಕೆ ಮೀನು, ಅನ್ನ, ಅಮ್ಮ ಕಟ್ಟಿಕೊಟ್ಟ ಮಸಾಲೆ. ನಜರೆ ಮೂಲದಲ್ಲಿ ಮೀನುಗಾರರ ಊರು. ಏಳು ಲಂಗ ಉಡುವ ಹೆಂಗಸರು ದಡದಲ್ಲಿ ಬಲೆ ಕಟ್ಟಿದ ಚೌಕಟ್ಟಿನ ಮೇಲೆ ಮೀನು ಒಣಹಾಕುತ್ತಾರೆ. ಆ ವಾಸನೆ ಬಂದಾಗ ನನಗೆ ಪರಊರು ಅನಿಸಲೇ ಇಲ್ಲ. ದುಡ್ಡು ನುಂಗುವುದು ಪೆಟ್ರೋಲ್. ಸ್ಕೀ ಟ್ಯಾಂಕಿಗೆ ಎಪ್ಪತ್ತು ಲೀಟರ್, ದೊಡ್ಡ ದಿನ ಒಂದು ಟ್ಯಾಂಕ್ ಸಾಲುವುದಿಲ್ಲ, ಲೀಟರಿಗೆ ಒಂದೂಮುಕ್ಕಾಲು ಯೂರೋ ಹತ್ತಿರ ಇತ್ತು. ಎಲ್ಲ ಸೇರಿ ಐದೂವರೆ ಆರು ಲಕ್ಷ ಹೋಯಿತು. ಸ್ಪಾನ್ಸರ್ ಕೇಳಿ ಬರೆದ ಪತ್ರಗಳಿಗೆ ಲೆಕ್ಕ ಇಲ್ಲ. ಒಂದು ಕಂಪನಿಯವರು ಟೀ ಶರ್ಟು, ಸನ್‌ಸ್ಕ್ರೀನ್ ಕಳಿಸಿ ಫೋಟೊ ಹಾಕಿ ಅಂದರು. ಹಾಕಲಿಲ್ಲ.

ವೀಸಾ ಇನ್ನೊಂದು ಕಟ್ಟು. ಯುರೋಪಿನ ಷೆಂಗೆನ್ ವೀಸಾ ಅಂದ್ರೆ ನೂರ ಎಂಬತ್ತು ದಿನದಲ್ಲಿ ತೊಂಬತ್ತು ದಿನ ಮಾತ್ರ. ನಜರೆಯ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ಯಾವ ತೊಂಬತ್ತು ಆರಿಸಬೇಕು? ನಾನು ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ ಇಟ್ಟುಕೊಂಡೆ. ಈಗಲೂ ಅದೇ ಸರಿ ಅನಿಸುತ್ತದೆ. ಮೊದಲೇ ಹೋದವರಿಗೆ ಅಕ್ಟೋಬರ್ ಕೊನೆಯ ಅಲೆ ಸಿಗಬಹುದು, ಸ್ಟಾಯ್ಟ್ನರ್‌ಗೆ ಸಿಕ್ಕ ಹಾಗೆ. ಆದರೆ ಹೊಸಬನಿಗೆ ಮೊದಲ ತಿಂಗಳು ಹೇಗೂ ಕಲಿಯುವುದರಲ್ಲೇ ಹೋಗುತ್ತದೆ.

ಆ ಚಳಿಗಾಲ ನನಗೆ ಅಲೆ ಇಲ್ಲ. ಹೋಗುವ ದಾರಿಯಲ್ಲೇ ವಿಮಾನ ನಿಲ್ದಾಣದಲ್ಲಿ ವೆಸ್ಟಿನ ಗ್ಯಾಸ್ ಕಾರ್ಟ್ರಿಜ್ ತೆಗೆದುಕೊಂಡರು, ಕಾಗದ ತೋರಿಸಿದರೂ ಕೇಳಲಿಲ್ಲ. ಅಲ್ಲಿ ಹೋಗಿ ಹೊಸತು ಕೊಂಡೆ. ಬಂದರಿನ ಗೋದಾಮುಗಳಲ್ಲಿ ತಂಡಗಳಿರುತ್ತವೆ. ನಾನು ಸ್ಕೀ ತೊಳೆದೆ, ಪೆಟ್ರೋಲ್ ಹೊತ್ತೆ, ಸಣ್ಣ ದಿನಗಳಲ್ಲಿ ಓಡಿಸಿ ತೋರಿಸಿದೆ. ಇಂಡಿಯಾದಲ್ಲಿ ಅಲೆ ಇದೆಯಾ ಅಂತ ಕೇಳಿದವರೇ ಜಾಸ್ತಿ. 2016ರಲ್ಲಿ ಸಸಿಹಿತ್ಲುವಿನಲ್ಲಿ ನಡೆದ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯ ಫೋಟೊ ತೋರಿಸಿದೆ. ಚೆನ್ನಾಗಿದೆ ಅಂದರು, ದೊಡ್ಡ ದಿನ ಬಂದಾಗ ದಡದಲ್ಲೇ ನಿಲ್ಲಿಸಿದರು. ನಾನೂ ಒತ್ತಾಯ ಮಾಡಲಿಲ್ಲ. 2023ರ ಜನವರಿಯಲ್ಲಿ ಬ್ರೆಜಿಲ್‌ನ ಮಾರ್ಸಿಯೊ ಫ್ರೇರೆ ಸತ್ತದ್ದು ಅದೇ ನೀರಲ್ಲಿ. ಅವರಿಗೆ ಇದ್ದ ಅನುಭವದ ಕಾಲುಭಾಗ ನನಗಿಲ್ಲ. ದಡದಲ್ಲಿ ನಿಂತು ದಿನವಿಡೀ ನೋಡಿದ್ದು ವ್ಯರ್ಥ ಆಗಲಿಲ್ಲ. ಕಡಲ ತಳದ ಕಂದಕದಿಂದ ಬರುವ ಅಲೆ ಮತ್ತು ಉತ್ತರದಿಂದ ಬರುವ ಅಲೆ ಎಲ್ಲಿ ಸೇರುತ್ತವೆ, ಸೇರುವ ಮುಂಚೆ ನೀರಿನ ಬಣ್ಣ ಹೇಗಿರುತ್ತದೆ ಅಂತ ಪುಸ್ತಕದಲ್ಲಿ ಬರೆದುಕೊಂಡೆ. ನೀರು ದಡದಿಂದ ಹೊರಗೆ ಹೋಗುವ ಜಾಗ ನಮ್ಮ ಅಳಿವೆಯ ಹಾಗೇ ಕೆಲಸ ಮಾಡುತ್ತದೆ. ಮಾಮನಿಗೆ ವಿಡಿಯೊ ಕಳಿಸಿದರೆ ಬೋಟು ಎಲ್ಲಿ ದಾಟಿಸಬೇಕು ಅಂತ ಬೆರಳಿಟ್ಟು ತೋರಿಸಿದರು. ಸರಿಯಾಗಿಯೇ ಇತ್ತು.

ಕೆಲಸ ತಿರುಗಿದ್ದು ಆಮೇಲಿನ ಚಳಿಗಾಲ, ಡಿಸೆಂಬರ್‌ನಲ್ಲಿ. ಬ್ರೆಜಿಲ್‌ನವನೊಬ್ಬನ ಡ್ರೈವರ್‌ಗೆ ಭುಜ ನೋವು. ಆ ಬ್ರೆಜಿಲ್‌ನವನು ಹಿಂದಿನ ವರ್ಷ ನನ್ನ ಜೊತೆ ಸಣ್ಣ ದಿನಗಳಲ್ಲಿ ಇಳಿದಿದ್ದ. ಲೈಸೆನ್ಸ್, ಬಂದರಿನ ಕಾಗದ ಎಲ್ಲ ನಾನು ಮೊದಲೇ ಮಾಡಿಸಿಟ್ಟಿದ್ದೆ. ‘ನೀನು ಓಡಿಸು’ ಅಂದ. ಅವನನ್ನು ಎರಡು ಅಲೆಗೆ ಬಿಟ್ಟೆ. ಎರಡನೆಯದರಲ್ಲಿ ಬಿದ್ದ. ತಲೆ ಮೇಲೆ ಬಂದಾಗ ಮುಂದಿನದು ಆಗಲೇ ಎದ್ದಿತ್ತು. ನಾನು ನೊರೆಯ ಅಂಚಿನಲ್ಲಿ ಹೋದೆ, ಎಂಜಿನ್ ಕಿರುಚಿತು. ಕೈ ಇಳಿಸಿದೆ. ಬಂಡೆಯ ಮೇಲಿದ್ದವರು ನಾನು ನಿಂತೇ ಹೋದೆ ಅಂದುಕೊಂಡರಂತೆ. ಶಬ್ದ ದಪ್ಪ ಆಯಿತು. ಕೊಟ್ಟೆ. ಅವನ ಮಣಿಕಟ್ಟು ಸಿಕ್ಕಿತು, ಸ್ಲೆಡ್ ಮೇಲೆ ಮಲಗಿದ, ನಾವು ಹೊರಗೆ ಬಂದ ಮೇಲೆ ಹಿಂದೆ ಅದು ಒಡೆಯಿತು. ಸಂಜೆ ಗೋದಾಮಿನಲ್ಲಿ ಎರಡು ತಂಡದವರು ಬಂದು ನಾಳೆ ಖಾಲಿ ಇದ್ದೀಯಾ ಅಂತ ಕೇಳಿದರು. ಹಿಂದಿನ ವರ್ಷ ದಡದಲ್ಲಿ ನಿಲ್ಲಿಸಿದವರೂ ಅದರಲ್ಲಿದ್ದರು.

ದುಡ್ಡು ಕೇಳಲಿಲ್ಲ. ಪ್ರವಾಸಿ ವೀಸಾದಲ್ಲಿ ಕೇಳುವ ಹಾಗೂ ಇಲ್ಲ. ನಾನು ಕೇಳಿದ್ದು ಎಳೆತ. ನಿನ್ನನ್ನು ಅಷ್ಟು ಅಲೆಗೆ ಬಿಟ್ಟರೆ ನನ್ನನ್ನು ಒಂದಕ್ಕೆ ಬಿಡು. ಒಪ್ಪಿದರು. ಪೆಟ್ರೋಲ್ ಅವರದ್ದು. ಹೀಗೆ ಎರಡನೇ ಚಳಿಗಾಲದ ಖರ್ಚು ಮೊದಲಿನದರ ಅರ್ಧಕ್ಕೆ ಇಳಿಯಿತು. ಇಪ್ಪತ್ತು ಅಡಿ, ಇಪ್ಪತ್ತೈದು ಅಡಿ ಅಂತ ಏರಿದೆ. ಇಂಡೋನೇಷ್ಯಾಕ್ಕೆ ಹೋಗಿ ಏರಿಸಬೇಕಿದ್ದ ಅಡಿಗಳನ್ನು ಅಲ್ಲೇ ಏರಿಸಿದೆ, ಬೇರೆಯವರ ಪೆಟ್ರೋಲಿನಲ್ಲಿ.

ಬೋರ್ಡ್ ಆರು ಅಡಿಯದ್ದು, ಕಾಲಿಗೆ ಪಟ್ಟಿ. ಹಗ್ಗದಲ್ಲಿ ಎಳೆಸಿಕೊಳ್ಳುವ ಟೋ ಬೋರ್ಡ್‌ಗೆ ತೂಕ ಬೇಕು, ಹಗುರ ಇದ್ದರೆ ಅಲೆಯ ಮೈಮೇಲಿನ ಉಬ್ಬುತಗ್ಗಿಗೆ ಹಾರುತ್ತದೆ. ನಾನು ಬಲೆಗೆ ಕಟ್ಟುವ ಸೀಸದ ಗುಂಡು ಬಡಿದು ಚಪ್ಪಟೆ ಮಾಡಿ ಮೇಲೆ ಅಂಟಿಸಿದೆ. ಎಲ್ಲಿ, ಎಷ್ಟು ಅನ್ನುವುದಕ್ಕೆ ಬಹಳ ಒದ್ದಾಡಿದೆ. ನಡುವಿಗೆ ಹಾಕಿದರೆ ಎಲ್ಲರೂ ಹೇಳಿದಂತೆ ಆಗಲಿಲ್ಲ. ಎಲ್ಲಿ ಹಾಕಿದೆ ಅಂತ ಇನ್ನೊಂದು ಸೀಸನ್ ನೋಡಿ ಹೇಳುತ್ತೇನೆ.

ಆ ಅಲೆಯ ದಿನ ಪೂರ್ವದ ಗಾಳಿ, ತೆಳು. ಮೇಲೆ ಬಂಡೆಯಲ್ಲಿ ನಿಂತು ಅಲೆ ನೋಡಿ ಹೇಳುವವನು ರೇಡಿಯೊದಲ್ಲಿ ‘ಎರಡನೆಯದು, ಎರಡನೆಯದು’ ಅಂದ. ಮೊದಲಿನದು ಕೆಳಗಿಂದ ಹಾದು ಹೋಯಿತು. ಹಗ್ಗ ಬಿಗಿಯಾಯಿತು. ಬಿಡಬೇಕಾದ ಗಳಿಗೆ ಡ್ರೈವರ್ ಹೇಳಬೇಕಾಗಿರಲಿಲ್ಲ, ಆ ಜಾಗದಲ್ಲಿ ನಾನೇ ಅಷ್ಟು ಜನರನ್ನು ಬಿಟ್ಟಿದ್ದೆ. ಬಿಟ್ಟೆ. ಮೇಲಿಂದ ನೋಡಿದರೆ ನಯವಾಗಿ ಕಾಣುತ್ತದೆ, ಕಾಲಿಗೆ ಹಾಗಿಲ್ಲ. ಮೊಣಕಾಲು ಹಲ್ಲಿಗೆ ಬಡಿಯುತ್ತೇನೋ ಅನ್ನುವಷ್ಟು ಕುಕ್ಕುತ್ತದೆ. ಕೆಳಗೆ ಮುಟ್ಟುವ ಮುಂಚೆ ಬಲಕ್ಕೆ ತಿರುಗಿಸಿದೆ. ಹಿಂದೆ ಶಬ್ದ ಬಂತು, ತಿರುಗಿ ನೋಡಲಿಲ್ಲ. ಆಚೆಗೆ ಬಂದಾಗ ಬ್ರೆಜಿಲ್‌ನವನು ಸ್ಕೀ ಮೇಲೆ ಎದ್ದು ನಿಂತು ಕೂಗುತ್ತಿದ್ದ. ಫೋಟೊ ಇದೆ, ಯಾರು ಬೇಕಾದರೂ ಅಡಿ ಅಳೆಯಬಹುದು.

ಇದರಲ್ಲಿ ಜೀವನ ನಡೆಯುತ್ತದಾ ಅಂತ ಕೇಳುತ್ತೀರಿ. ಅಲೆಯಿಂದ ಇನ್ನೂ ಒಂದು ರೂಪಾಯಿ ಬಂದಿಲ್ಲ. 2023ರಲ್ಲಿ ಹವಾಯಿಯ ವೈಮೆಯಾದಲ್ಲಿ ದೊಡ್ಡ ಅಲೆಯ ಎಡ್ಡಿ ಸ್ಪರ್ಧೆ ಗೆದ್ದ ಲೂಕ್ ಶೆಪರ್ಡ್‌ಸನ್ ಅವತ್ತು ಅಲ್ಲೇ ಲೈಫ್‌ಗಾರ್ಡ್ ಡ್ಯೂಟಿಯಲ್ಲಿದ್ದವರು. ಗೆಲ್ಲುವವರೂ ಕೆಲಸ ಬಿಡುವುದಿಲ್ಲ. ನನಗೆ ಬರುವುದು ಇಲ್ಲಿ ರಕ್ಷಣಾ ತರಬೇತಿಯಿಂದ, ಬೀಚ್ ಸೀಸನ್‌ನಿಂದ. ಅದರಲ್ಲಿ ವರ್ಷಕ್ಕೊಂದು ಚಳಿಗಾಲ ಹೊರಡುತ್ತದೆ.

ಈ ವರ್ಷ ನನಗೆ ಇನ್ನೊಬ್ಬ ಡ್ರೈವರ್ ಬೇಕು. ಮೂಲ್ಕಿ, ಮಲ್ಪೆ, ಮುರ್ಡೇಶ್ವರ, ಯಾವ ಕಡೆಯವರಾದರೂ ಸರಿ. ಸರ್ಫಿಂಗ್ ಬರದಿದ್ದರೂ ನಡೆಯುತ್ತದೆ, ಮಳೆಗಾಲದಲ್ಲಿ ದೋಣಿ ದಾಟಿಸಿ ಗೊತ್ತಿರಬೇಕು. ಖರ್ಚು ತಲೆಗೆ ಮೂರು ಲಕ್ಷ ಇಟ್ಟುಕೊಳ್ಳಿ, ವೀಸಾಕ್ಕೆ ಆಗಸ್ಟ್‌ನಲ್ಲೇ ಕಾಗದ ಹಾಕಬೇಕು. ಕಡಲು ತೆರೆದ ಮೇಲೆ ಸಸಿಹಿತ್ಲುವಿನಲ್ಲಿ ಬೆಳಿಗ್ಗೆ ಆರಕ್ಕೆ ಸ್ಕೀ ಇಳಿಸುತ್ತೇನೆ, ಬೊಂಬೆಯೂ ಅಲ್ಲೇ ಇರುತ್ತದೆ.